ಸಹಾಯ ಬೇಕು: ಒಂದೇ ಥೈರಾಯ್ಡ್ ಗಂಟಿಗೆ ಎರಡು ಅಲ್ಟ್ರಾಸೌಂಡ್ ವರದಿಗಳು

ಸದಸ್ಯರೆಲ್ಲರಿಗೂ ನಮಸ್ಕಾರ. ನನ್ನ ಅಕ್ಕನ ಥೈರಾಯ್ಡ್ ಗ್ರಂಥಿಯ ಬಲಭಾಗದಲ್ಲಿ 1.3 ಸೆಂ.ಮೀ. ಗಾತ್ರದ ಗಂಟೊಂದು ಅಲ್ಟ್ರಾಸೌಂಡ್‌ನಲ್ಲಿ ಕಂಡಿದೆ. ಆಕೆಗೆ ಹಾಶಿಮೊಟೊ ಥೈರಾಯ್ಡೈಟಿಸ್ (ದೇಹದ ರೋಗನಿರೋಧಕ ವ್ಯವಸ್ಥೆಯೇ ಥೈರಾಯ್ಡ್ ಮೇಲೆ ದಾಳಿ ಮಾಡುವ ಕಾಯಿಲೆ) ಇರುವುದು ರಕ್ತಪರೀಕ್ಷೆಯಿಂದ ಮೊದಲೇ ತಿಳಿದಿತ್ತು.

ಮೊದಲ ವರದಿಯಲ್ಲಿ ಗಂಟು ಘನವಾಗಿದ್ದು ಸುತ್ತಲಿನ ಅಂಗಾಂಶಕ್ಕಿಂತ ಕಪ್ಪಾಗಿದೆ ಎಂದು ಬರೆದು, ಗಂಟು ಕ್ಯಾನ್ಸರ್ ಆಗಿರಬಹುದಾದ ಸಂಶಯವನ್ನು ಅಂಕಗಳಲ್ಲಿ ಅಳೆಯುವ ಎಸಿಆರ್ ಟೈರಾಡ್ಸ್ ಪದ್ಧತಿಯ ಪ್ರಕಾರ 4 ಅಂಕ ನೀಡಿ ಟಿಆರ್4 ವರ್ಗಕ್ಕೆ ಸೇರಿಸಿದ್ದಾರೆ. ಬೇರೆಡೆ ಮಾಡಿಸಿದ ಎರಡನೆಯ ಸ್ಕ್ಯಾನ್‌ನಲ್ಲಿ ಅದೇ ಗಂಟು ಸುತ್ತಲಿನ ಅಂಗಾಂಶದಷ್ಟೇ ಬೆಳ್ಳಗಿದೆ ಎಂದು 3 ಅಂಕ ಕೊಟ್ಟು ಟಿಆರ್3 ಎಂದಿದ್ದಾರೆ. ಅಂತರ ಒಂದೇ ಅಂಕದ್ದಾದರೂ ಪರಿಣಾಮ ಸಣ್ಣದಲ್ಲ: ಟಿಆರ್4 ಗಂಟು 1 ಸೆಂ.ಮೀ. ದಾಟಿದರೆ ಮತ್ತೆ ಮತ್ತೆ ಸ್ಕ್ಯಾನ್ ಮಾಡಿಸಬೇಕು, ಟಿಆರ್3 ಆದರೆ 1.5 ಸೆಂ.ಮೀ. ಆಗುವವರೆಗೆ ಅದರ ಅಗತ್ಯವೇ ಇಲ್ಲ. ಗಂಟಿನಿಂದ ಜೀವಕೋಶಗಳನ್ನು ತೆಗೆದು ನೋಡುವ ಸೂಜಿ ಪರೀಕ್ಷೆ ಮಾತ್ರ ಎರಡೂ ಲೆಕ್ಕದಲ್ಲಿ ಈಗ ಬೇಕಿಲ್ಲ, ಅಷ್ಟರಮಟ್ಟಿಗೆ ಸಮಾಧಾನವಿದೆ.

ಹಾಶಿಮೊಟೊದಲ್ಲಿ ಇಡೀ ಗ್ರಂಥಿಯೇ ಸ್ಕ್ಯಾನ್‌ನಲ್ಲಿ ಕಪ್ಪಾಗಿಯೂ ಒರಟಾಗಿಯೂ ಕಾಣುವುದರಿಂದ, ಗಂಟಿನ ಬಣ್ಣವನ್ನು ಯಾವುದರೊಂದಿಗೆ ಹೋಲಿಸಬೇಕು ಎಂಬಲ್ಲೇ ಈ ಗೊಂದಲ ಹುಟ್ಟಿರಬಹುದೆಂದು ನನಗನ್ನಿಸುತ್ತದೆ. ರೇಡಿಯಾಲಜಿ ಅಥವಾ ಎಂಡೋಕ್ರೈನಾಲಜಿ ಬಲ್ಲವರು ದಯವಿಟ್ಟು ತಿಳಿಸಿ: ಇಂಥ ಗ್ರಂಥಿಯಲ್ಲಿ ಈ ಹೋಲಿಕೆಯನ್ನು ಹೇಗೆ ಮಾಡುತ್ತಾರೆ? ವರದಿಗಳ ಬದಲು ಎರಡೂ ಸ್ಕ್ಯಾನ್‌ಗಳ ಮೂಲ ಚಿತ್ರಗಳನ್ನೇ ಒಬ್ಬ ತಜ್ಞರ ಮುಂದಿಟ್ಟು ಮರುಪರಿಶೀಲನೆ ಕೋರುವುದು ಸೂಕ್ತವೇ? ಅಕ್ಕನ ವೈದ್ಯರನ್ನು ಮುಂದಿನ ವಾರ ಕಾಣಲಿದ್ದೇವೆ. ಅವರಲ್ಲಿ ಏನನ್ನು ಕೇಳಬೇಕೆಂದು ತಿಳಿದಿದ್ದರೆ ಆಕೆಯ ಆತಂಕ ಸ್ವಲ್ಪ ತಗ್ಗೀತು.