ದಿನವಿಡೀ ದುಡಿದರೂ ವ್ಯಾಯಾಮ ಸಾಲದೇ?

ಪ್ರಶ್ನೆ (ಬದಿಯಡ್ಕದಿಂದ):
ಕಳೆದ ವರ್ಷ ನನ್ನ ಅಕ್ಕನಿಗೆ ಸ್ತನ ಕ್ಯಾನ್ಸರಿನ ಶಸ್ತ್ರಚಿಕಿತ್ಸೆ ಮಂಗಳೂರಿನಲ್ಲಿ ನಡೆಯಿತು. ಮನೆಗೆ ಹೊರಡುವ ದಿನ ವೈದ್ಯರು ಅವಳಿಗೂ, ಜೊತೆಗಿದ್ದ ನನಗೂ ದಿನವೂ ಬಿರುಸಾಗಿ ನಡೆಯಲು ಹೇಳಿದರು. ನನಗೆ 47 ವರ್ಷ. ಬೆಳಿಗ್ಗೆ ಐದಕ್ಕೆ ಎದ್ದರೆ ಅಡುಗೆಮನೆ, ದನದ ಹಟ್ಟಿ, ಅಡಿಕೆ ಒಣಹಾಕಿದ ಅಂಗಳ ಎಂದು ರಾತ್ರಿಯವರೆಗೂ ಕೆಲಸ ಮುಗಿಯುವುದಿಲ್ಲ. ಇಷ್ಟು ದುಡಿಯುವವರಿಗೆ ಬೇರೆ ವ್ಯಾಯಾಮ ನಿಜವಾಗಿಯೂ ಬೇಕೇ?

ಉತ್ತರ (ಕುಂಬಳೆಯಿಂದ):
ನಾನು ಆರೋಗ್ಯ ಕಾರ್ಯಕರ್ತೆಯಾಗಿ ಮನೆಮನೆಗೆ ಹೋಗುವವಳು. ಈ ಪ್ರಶ್ನೆಯನ್ನು ಅನೇಕ ಹೆಂಗಸರ ಬಾಯಲ್ಲಿ ಕೇಳಿದ್ದೇನೆ. ಮನೆಗೆಲಸವೂ ಲೆಕ್ಕಕ್ಕೆ ಬರುತ್ತದೆ, ಆದರೆ ಉಸಿರು ಏರಿದ ಹೊತ್ತು ಮಾತ್ರ. ಪಕ್ಕದವರೊಡನೆ ಮಾತನಾಡಲು ಸಾಧ್ಯವಾಗಿ, ಭಜನೆ ಹಾಡಲು ಉಸಿರು ಸಾಲದೆ ಹೋದರೆ ಅದು ಮಧ್ಯಮ ಶ್ರಮ. ವಿಶ್ವ ಆರೋಗ್ಯ ಸಂಸ್ಥೆಯು 2020ರಲ್ಲಿ ವಯಸ್ಕರಿಗೆ ಹೇಳಿದ್ದು ವಾರಕ್ಕೆ 150ರಿಂದ 300 ನಿಮಿಷ ಇಂಥ ಶ್ರಮ, ಅಥವಾ 75ರಿಂದ 150 ನಿಮಿಷ ತೀವ್ರ ಶ್ರಮ; ಜೊತೆಗೆ ವಾರದಲ್ಲಿ ಎರಡು ದಿನವಾದರೂ ಸ್ನಾಯುಗಳಿಗೆ ಬಲ ಕೊಡುವ ಕೆಲಸ. ಒಂದೇ ಸಮನೆ ಹತ್ತು ನಿಮಿಷವಾದರೂ ಆಗಬೇಕೆಂಬ ಹಳೆಯ ನಿಯಮ ಈಗಿಲ್ಲ. 2022ರ ಅಂದಾಜಿನಂತೆ ಜಗತ್ತಿನ ವಯಸ್ಕರಲ್ಲಿ ಶೇ. 31ರಷ್ಟು ಮಂದಿ, ಭಾರತದಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಮಂದಿ ಈ ಮಟ್ಟವನ್ನು ಮುಟ್ಟುತ್ತಿಲ್ಲ, ಅದರಲ್ಲೂ ಹೆಂಗಸರು ಹೆಚ್ಚು ಹಿಂದಿದ್ದಾರೆ.

ಶ್ರಮದಿಂದ ರಕ್ತದಲ್ಲಿನ ಇನ್ಸುಲಿನ್ ಇಳಿಯುತ್ತದೆ; ಮುಟ್ಟು ನಿಂತ ಮೇಲೆ ಕೊಬ್ಬಿನಲ್ಲಿ ತಯಾರಾಗುವ ಈಸ್ಟ್ರೋಜನ್ ಎಂಬ ಹಾರ್ಮೋನು ಕೂಡ ತಗ್ಗುತ್ತದೆ. ಇವೆರಡೂ ಹೆಚ್ಚಿದ್ದರೆ ಕೆಲವು ಕ್ಯಾನ್ಸರ್ ಬೆಳೆಯಲು ಅನುಕೂಲ. ಸ್ತನ, ದೊಡ್ಡ ಕರುಳು, ಗರ್ಭಕೋಶದ ಒಳಪದರ, ಇವುಗಳ ಕ್ಯಾನ್ಸರಿನ ಅಪಾಯ ಕಡಿಮೆಯಾಗುವುದಕ್ಕೆ ಬಲವಾದ ಆಧಾರವಿದೆ. ಅಪಾಯ ತಗ್ಗುತ್ತದೆ, ಇಲ್ಲವಾಗುವುದಿಲ್ಲ. ಆದುದರಿಂದ ಅಕ್ಕನ ವಿಷಯವನ್ನು ನಿಮ್ಮ ವೈದ್ಯರಿಗೆ ತಿಳಿಸಿ ತಪಾಸಣೆಯನ್ನೂ ಮಾಡಿಸಿಕೊಳ್ಳಿ.

ಉತ್ತರ (ಪೆರ್ಲದಿಂದ):
ನನ್ನ ತಂದೆ ಗುಡ್ಡ ಕೊರೆದು ತೋಡಿದ ಸುರಂಗದ ನೀರನ್ನು ಕೊಡದಲ್ಲಿ ಹೊತ್ತು ಎಳೆಯ ಕಂಗಿನ (ಅಡಿಕೆ ಮರದ) ಬುಡಕ್ಕೆ ಹೊಯ್ದವರು. ನಾನು ಸ್ವಿಚ್ ಹಾಕಿದರೆ ಸ್ಪ್ರಿಂಕ್ಲರ್ ತಿರುಗುತ್ತದೆ; ಪೇಟೆಗೆ ಹೋಗಲು ಬೈಕು ಇದೆ. ಆದರೂ ಕೃಷಿಕನೆಂಬ ಕಾರಣಕ್ಕೆ ಬೇಕಾದಷ್ಟು ಶ್ರಮಪಡುತ್ತಿದ್ದೇನೆಂದೇ ನಂಬಿದ್ದೆ. ಇನ್ನೊಂದು ಮಾತು, ಅಡಿಕೆಯನ್ನೇ ನೆಚ್ಚಿ ಬದುಕುವವನಾಗಿ ನೋವಿನಿಂದಲೇ ಬರೆಯುತ್ತೇನೆ: ಹೊಗೆಸೊಪ್ಪು ಇರಲಿ, ಬಿಡಲಿ, ಅಡಿಕೆ ಜಗಿಯುವುದು ಕ್ಯಾನ್ಸರಿಗೆ ಕಾರಣವೆಂದು ಅಂತರರಾಷ್ಟ್ರೀಯ ಕ್ಯಾನ್ಸರ್ ಸಂಶೋಧನಾ ಸಂಸ್ಥೆ 2004ರಲ್ಲಿಯೇ ಪ್ರಕಟಿಸಿದೆ. ಬಾಯಲ್ಲಿ ಎಲೆಯಡಿಕೆ ಇಟ್ಟುಕೊಂಡು ಎಷ್ಟು ನಡೆದರೂ ಆ ಅಪಾಯ ಹೋಗದು.

ಉತ್ತರ (ಉಪ್ಪಳದಿಂದ):
ನನ್ನ ಅಮ್ಮ ಮೂವತ್ತು ವರ್ಷ ಮೊರವನ್ನು ಮಡಿಲಲ್ಲಿಟ್ಟುಕೊಂಡು ಬೀಡಿ ಕಟ್ಟಿದರು. ಸಂಜೆಯಾಗುವಾಗ ಬೆರಳು ಮರಗಟ್ಟುತ್ತಿತ್ತು, ಏಳುವಾಗ ಗೋಡೆ ಹಿಡಿಯಬೇಕಾಗುತ್ತಿತ್ತು. ಅಂಥ ದುಡಿಮೆಯಲ್ಲಿ ದಣಿವಿದೆ, ವ್ಯಾಯಾಮವಿಲ್ಲ. ಅವರಿಗೆ ನಡೆಯಲು ಹೇಳುವ ಮೊದಲು ಮನೆಯವರು ಒಲೆಯ ಕೆಲಸವನ್ನು ಅರ್ಧ ಗಂಟೆ ವಹಿಸಿಕೊಳ್ಳಬೇಕು.

ಪ್ರಶ್ನೆ ಕೇಳಿದವರು:
ಎಲ್ಲರಿಗೂ ಕೃತಜ್ಞತೆಗಳು. ನಿನ್ನೆ ಗಮನಿಸಿದೆ: ಅಂಗಳದಲ್ಲಿ ಅಡಿಕೆ ಹರಡುವಾಗ ಹಾಡು ಸಲೀಸಾಗಿ ಬಂತು, ಹುಲ್ಲಿನ ಹೊರೆಯೊಡನೆ ಗುಡ್ಡೆ ಹತ್ತುವಾಗ ಮಾತ್ರ ನಿಂತಿತು. ಅದು ಎಂಟು ನಿಮಿಷದ ದಾರಿ. ಇಂದಿನಿಂದ ಸಂಜೆ ಅಕ್ಕನೊಡನೆ ನಡೆಯುತ್ತೇನೆ, ಆ ಹೊತ್ತಿಗೆ ಹಾಲು ಕರೆಯಲು ಮಗ ಒಪ್ಪಿದ್ದಾನೆ.