ಅರ್ಧಕ್ಕ ನಿಂತ ಕೆಲ್ಸಾನ ಕಾನ್ಫರೆನ್ಸ್‌ನ್ಯಾಗ ಹೆಂಗ ತೋರಸೂದು? ಹೋಗಿ ಬಂದವ್ರು ಹೇಳ್ರಿ

ಕೇಳಿದವ್ರು (ವಿಜಯಪುರ, ಪಿಎಚ್‌ಡಿ ಎರಡನೇ ವರ್ಷ): ದಾಳಿಂಬಿ ಎಲಿ ಫೋಟೋ ನೋಡಿ ದುಂಡಾಣು ಅಂಗಮಾರಿ ರೋಗ ಗುರ್ತ ಹಿಡಿಯೋ ಕಂಪ್ಯೂಟರ್ ಮಾಡೆಲ್ ಮ್ಯಾಲ ಕೆಲ್ಸ ಮಾಡ್ಲಿಕತ್ತೀನಿ. ವರ್ಕ್ ಇನ್ ಪ್ರೋಗ್ರೆಸ್ ವಿಭಾಗದಾಗ ನಾಕು ಪುಟದ ಪೇಪರ್ ಆಯ್ಕಿ ಆಗ್ಯದ. 10 ನಿಮಿಷ ಮಾತು, 5 ನಿಮಿಷ ಪ್ರಶ್ನಿ, ಆಮ್ಯಾಲ ಪೋಸ್ಟರ್ ಹತ್ರ ನಿಂದರಬೇಕು. ರಿಸಲ್ಟ್ ಇನ್ನೂ ಪೂರ್ತಿ ಬಂದಿಲ್ಲ, ಮುಂದ ಕೂತವ್ರು ಏನಂತಾರೋ ಅಂತ ನಿದ್ದಿ ಹತ್ತವಲ್ದು.

ಬೆಳಗಾವಿಯಿಂದ: ನಂದೂ ಇಂಥಾದ್ದ ಕೆಲ್ಸ ರೀ, ಕಬ್ಬಿನ ಎಲಿ ತುಕ್ಕು ರೋಗ. ಮೊದಲ್ನೇ ಸಲ ಹೋದಾಗ 98 ಪರ್ಸೆಂಟ್ ಅಕ್ಯುರೆಸಿ (ನೂರಕ್ಕ 98 ಸರಿ ಉತ್ತರ) ಅಂತ ದೊಡ್ಡ ಅಕ್ಷರದಾಗ ಹಾಕ್ಕೊಂಡು ಹೋಗಿದ್ದೆ. ಮಾತು ಮುಗದ ಮ್ಯಾಲ ಮೂರನೇ ಸಾಲಿನ್ಯಾಗ ಕೂತಿದ್ದ ಒಬ್ಬ ಮೇಡಂ ಕೇಳಿದ್ರು, ಒಂದ ಹೊಲದ ಫೋಟೋ ಮಾಡೆಲ್‌ಗೆ ಕಲಸೋ ಟ್ರೇನಿಂಗ್‌ನ್ಯಾಗೂ, ಕಲತದ್ದು ಪರೀಕ್ಷಾ ಮಾಡೋ ಟೆಸ್ಟ್‌ನ್ಯಾಗೂ ಬಂದಾವೇನು ಅಂತ. ಬಂದಿದ್ವು. ನಾನು ಒಂದೊಂದು ಗಿಡಕ್ಕ ನಾಕೈದು ಫೋಟೋ ತಗದು, ಎಲ್ಲಾ ಒಂದ ಕಡೆ ಕಲಸಿ, ಟ್ರೇನಿಂಗ್‌ಗೆ 80, ಟೆಸ್ಟಿಗೆ 20 ಪರ್ಸೆಂಟ್ ಅಂತ ಹೆಂಗ ಬೇಕಾದಂಗ ಹರದು ಹಂಚಿದ್ದೆ. ಅದ ಮಣ್ಣು, ಅದ ಬಿಸಲು, ಅದ ಮೊಬೈಲು, ಮಾಡೆಲ್ ರೋಗ ಕಲೀಲಿಲ್ಲ, ಹೊಲಾನ ಗುರ್ತ ಹಿಡದಿತ್ತು. ಚಾ ಟೈಮಿಗೆ ಅವ್ರು ನನ್ನ ಕರದು, ಕಾರ್ಯಕ್ರಮದ ಹಾಳಿ ಹಿಂದ ಪೆನ್ಸಿಲ್ಲಿಂದ ಆರು ಚೌಕ ಬರದು ಎರಡಕ್ಕ ಗೀಟು ಹಾಕಿದ್ರು, ಈ ಎರಡು ಹೊಲ ಮಾಡೆಲ್‌ಗೆ ತೋರಸಬ್ಯಾಡ, ಕಡೀಗೆ ಟೆಸ್ಟಿಗಷ್ಟ ಇಡು ಅಂದ್ರು. ಊರಿಗೆ ಬಂದು ಹಂಗ ಮಾಡಿದೆ, 98 ಇದ್ದದ್ದು 71ಕ್ಕ ಇಳೀತು. ಎರಡು ದಿವಸ ಊಟ ಸೇರ್ಲಿಲ್ಲ ಖರೆ, ಆದ್ರ ಆ ಹಾಳಿ ಇನ್ನೂ ನನ್ನ ಟೇಬಲ್ ಮ್ಯಾಲ ಐತಿ, ನನ್ನ ಥೀಸಿಸ್ ನಿಂತಿರೋದ ಅದರ ಮ್ಯಾಲ.

ಇದು ನಮ್ಮಿಬ್ಬರ ಪಂಚಾಯ್ತಿ ಅಷ್ಟ ಅಲ್ರೀ. ಪ್ಲಾಂಟ್‌ವಿಲೇಜ್ ಅನ್ನೋ ಎಲಿ ಫೋಟೋಗಳ ಡೇಟಾಸೆಟ್ (ಸಂಗ್ರಹ) ಗೊತ್ತಿರಬೇಕು ನಿಮಗ, 54 ಸಾವಿರ ಮ್ಯಾಲ ಫೋಟೋ, 14 ಬೆಳಿ. 2016ರಾಗ ಅದರ ಮ್ಯಾಲ ಬಂದ ಪೇಪರ್‌ನ್ಯಾಗ 99.35 ಪರ್ಸೆಂಟ್ ಐತಿ, ಅದ ಮಾಡೆಲ್‌ಗೆ ಬ್ಯಾರೆ ಪರಿಸ್ಥಿತಿಯೊಳಗ ತಗದ ಫೋಟೋ ಕೊಟ್ರ 31ರ ಆಜೂಬಾಜು ಬಂತು, ಅದನ್ನೂ ಅವ್ರ ಬರದಾರ. ಮುಚ್ಚಿಡ್ಲಿಲ್ಲ ನೋಡ್ರಿ, ಅದಕ್ಕ ಆ ಪೇಪರ್ ಮ್ಯಾಲ ಎಲ್ಲಾರಿಗೂ ವಿಶ್ವಾಸ. ದಾಳಿಂಬಿ ಆ 14ರಾಗ ಇಲ್ಲ, ಅಂದ್ರ ನೀವು ತೋಟಕ್ಕ ಹೋಗಿ ತಗದ ಫೋಟೋಕ್ಕ ಭಾಳ ಬೆಲಿ ಐತಿ, ಅದನ್ನ ಎರಡನೇ ಸ್ಲೈಡ್‌ನ್ಯಾಗ ಹೇಳ್ರಿ. ಮಾಡಿದ್ದೇನು, ಮಾಡಬೇಕಾಗಿದ್ದೇನು ಅಂತ ಗೆರಿ ಕೊರದಂಗ ಬ್ಯಾರೆ ತೋರಸ್ರಿ. ಕಡೀ ಸ್ಲೈಡ್‌ನ್ಯಾಗ ಥ್ಯಾಂಕ್ಯೂ ಬ್ಯಾಡ, ನೀವು ಸಿಕ್ಕೊಂಡಿರೋ ಒಂದ ಒಂದು ಪ್ರಶ್ನಿ ಹಾಕ್ರಿ, ಐದು ನಿಮಿಷ ಪೂರಾ ಅದು ತೆರದ ಇರ್ಲಿ. ನಿಮ್ಮ ಪೈಕಿ ಯಾರಿಗಾದ್ರೂ ಪ್ರಶ್ನಿ ಬರಕೊಳ್ಳಾಕ ಹೇಳ್ರಿ, ನಿಂತವ್ರಿಗೆ ಒಂದೂ ನೆನಪ ಉಳಿಯೂದಿಲ್ಲ.

ಬಾಗಲಕೋಟೆಯಿಂದ: ಪೋಸ್ಟರ್ ಬಗ್ಗೆ ಅಷ್ಟ ಹೇಳ್ತೀನಿ. ಎ0 ಅಂದ್ರ 841 × 1189 ಮಿಲಿಮೀಟರ್, ಉದ್ದಕ್ಕ ಇಡಬೇಕೋ ಅಡ್ಡಕ್ಕೋ ಅಂತ ಮೊದ್ಲ ಮೇಲ್ ಹಾಕಿ ಕೇಳ್ರಿ. ನಾ ಕೇಳದ ಅಡ್ಡಕ್ಕ ಪ್ರಿಂಟ್ ಮಾಡಿಸಿದ್ದೆ, ಅಲ್ಲಿ ಬೋರ್ಡ್ ಉದ್ದಕ್ಕ ಇತ್ತು, ಎರಡೂ ಬಾಜೂಕ ಹೊರಗ ಚಾಚಿತ್ತು. ಗೋಲ್ ಗುಂಬಜ್ ಎಕ್ಸ್‌ಪ್ರೆಸ್‌ನ್ಯಾಗ ಕಾಗದದ ಪೋಸ್ಟರ್ ಒಯ್ದು ರಾತ್ರಿ ಪೂರಾ ಕಾಲಾಗ ಇಟಗೊಂಡು ಮಲಗಬ್ಯಾಡ್ರಿ, ಬಟ್ಟಿ ಮ್ಯಾಲ ಪ್ರಿಂಟ್ ಮಾಡಸ್ರಿ, ಮಡಚಿ ಬ್ಯಾಗಿನ್ಯಾಗ ಹೋಗತೈತಿ. ರೋಗದ ಎಲಿ, ಛಲೋ ಎಲಿ ಎರಡು ದೊಡ್ಡ ಫೋಟೋ ನಡುವ ಹಾಕ್ರಿ, ಜನ ಅದನ್ನ ನೋಡೇ ನಿಲ್ತಾರ.

ವಿಜಯಪುರದಿಂದ ಇನ್ನೊಬ್ರು: ನಾನು ಪಿಯುಸಿ ತನಕ ಕನ್ನಡ ಮೀಡಿಯಂ. ಹೋಗೂಕಿಂತ ಮೊದ್ಲ ನಮ್ಮ ತಮ್ಮನ್ನ ಕೂಡ್ರಿಸಿಕೊಂಡು ಪೂರಾ ಕೆಲ್ಸ ಕನ್ನಡದಾಗ ಹೇಳಿದೆ, ಅಂವಾ ಬಿಕಾಂ. ಎಲ್ಲಿ ತಡವರಿಸಿದೆನೋ ಅಲ್ಲಿ ನನಗ ಇಂಗ್ಲಿಷ್ ಅಲ್ಲ, ವಿಷಯನ ತಿಳದಿದ್ದಿಲ್ಲ. ಮೊದಲ್ನೇ ನಾಕು ವಾಕ್ಯ ಬಾಯಿಪಾಠ ಮಾಡ್ರಿ, ಆಮ್ಯಾಲ ದನಿ ತಾನ ಕೂಡ್ತದ. ಪ್ರಶ್ನಿ ತಿಳೀಲಿಲ್ಲಂದ್ರ ಇನ್ನೊಮ್ಮೆ ಹೇಳ್ರಿ ಅನ್ರಿ, ಯಾರೂ ಸಣ್ಣಾಗಿ ನೋಡೂದಿಲ್ಲ.

ಇನ್ನೊಂದು, ಬರೇ ಸರ್ಟಿಫಿಕೇಟ್ ಸಲವಾಗಿ ಹೊಂಟಿದ್ರ ಸ್ವಲ್ಪ ನಿಂದ್ರಿ. ಯುಜಿಸಿಯ 2016ರ ನಿಯಮದಾಗ ಥೀಸಿಸ್ ಕೊಡೂಕಿಂತ ಮೊದ್ಲ ಒಂದು ಜರ್ನಲ್ ಪೇಪರ್, ಎರಡು ಕಾನ್ಫರೆನ್ಸ್ ಮಂಡನಿ ಬೇಕಿತ್ತು, 2022ರ ನಿಯಮದಾಗ ಆ ಕಡ್ಡಾಯ ತಗದಾರ, ಆದ್ರ ಯೂನಿವರ್ಸಿಟಿಗೆ ತಂದ ಬ್ಯಾರೆ ನಿಯಮ ಇರಬಹುದು, ರಿಸರ್ಚ್ ಸೆಕ್ಷನ್‌ನ್ಯಾಗ ಕೇಳ್ರಿ. ಹಂಗ ಆ ನಾಕು ಪುಟ ಪ್ರೊಸೀಡಿಂಗ್ಸ್‌ನ್ಯಾಗ (ಕಾನ್ಫರೆನ್ಸ್ ಪೇಪರ್‌ಗಳ ಸಂಪುಟದಾಗ) ಅಚ್ಚ ಆಗ್ತದೋ ಇಲ್ಲೋ ಅದನ್ನೂ ಕೇಳ್ರಿ. ಅಚ್ಚ ಆಗೂದಿದ್ರ, ಮುಂದ ಜರ್ನಲ್‌ಗೆ ಕಳಸೂವಾಗ ಹಳೇದನ್ನ ಹೆಸರಿಸಿ ಹೊಸಾದು ಸಾಕಷ್ಟು ಕೂಡಿಸಬೇಕಾಗ್ತದ. ಗೈಡ್‌ಗೆ ಸ್ಲೈಡ್ ತೋರಿಸದ ಹೋಗಬ್ಯಾಡ್ರಿ.

ಕೇಳಿದವ್ರು: ಎಲ್ಲಾರಿಗೂ ಶರಣು. ಬೆಳಗಾವಿಯವ್ರು ಹೇಳಿದ್ದು ಓದಿ ಎದಿ ಧಸಕ್ ಅಂತು, ನಂದೂ ಹಂಗ ಕಲಸಿದ್ದ ಅದ. ಈಗ ತೋಟದ ಪ್ರಕಾರ ಫೋಲ್ಡರ್ ಬ್ಯಾರೆ ಮಾಡ್ಲಿಕ್ಕೆ ಕುಂತೀನಿ, ಒಟ್ಟು ಒಂಬತ್ತು ತೋಟ, ಇಂಡಿ ಕಡೀವು ಎರಡು ಟೆಸ್ಟಿಗೆ ತಗದಿಟ್ಟೆ. ನಂಬರ್ ಎಷ್ಟರೆ ಬರ್ಲಿ, ಬಂದಿದ್ದ ಸ್ಲೈಡ್‌ಗೆ ಹಾಕ್ತೀನಿ. ಪೋಸ್ಟರ್ ಉದ್ದಕ್ಕೋ ಅಡ್ಡಕ್ಕೋ ಅಂತ ಮೇಲ್ ಸೈತ ಹಾಕೀನಿ.