ಸಹಾಯ ಬೇಕು: ಸಿಯೋಲ್‌ನಲ್ಲಿ ಒಬ್ಬನೇ ಹೋದ್ರೆ ಸಮ್‌ಗ್ಯೊಪ್ಸಲ್ ಕೊಡ್ತಾರಾ?

ನಮಸ್ಕಾರ. ಆಫೀಸ್ ಕೆಲಸಕ್ಕೆ ಸಿಯೋಲ್‌ಗೆ ಬಂದಿದ್ದೀನಿ, ಶನಿವಾರ ವಾಪಸ್. ಮಡಿಕೇರಿ ಕಡೆಯವನು, ಪಂದಿ ಕರಿ ತಿಂದು ಬೆಳೆದವನು. ಹಂದಿಯ ಹೊಟ್ಟೆಭಾಗದ ಮಾಂಸವನ್ನ ಟೇಬಲ್ ಮೇಲೇ ಸುಟ್ಟು, ಬೆಳ್ಳುಳ್ಳಿ, ಸಮ್‌ಜಾಂಗ್ (ಸೋಯಾ-ಮೆಣಸಿನಕಾಯಿ ಪೇಸ್ಟ್) ಜೊತೆ ಲೆಟಿಸ್ ಎಲೇಲಿ ಸುತ್ತಿ ಬಾಯಿಗಿಡೋ ಆ ಸಮ್‌ಗ್ಯೊಪ್ಸಲ್ ತಿನ್ನದೆ ಹೊರಡೋಕೆ ಮನಸ್ಸಿಲ್ಲ. ಜೊತೆಗೆ ಬಂದ ಇಬ್ಬರೂ ಪಕ್ಕಾ ಸಸ್ಯಾಹಾರಿಗಳು, ಬಾಗಿಲ ತನಕವೂ ಬರಲ್ಲ.

ಸಿಯೋಲ್‌ನ ಮಾಪೋ ಏರಿಯಾದಲ್ಲಿ ಒಂದು ಫೇಮಸ್ ಅಂಗಡಿಗೆ ಎರಡು ಸಲ ಹೋದೆ. ಮೊದಲ ದಿನ ಸಂಜೆ ಏಳಕ್ಕೆ ಭಾರಿ ಕ್ಯೂ. ಹೆಸರು ಹಚ್ಚೋಕೆ ಬಾಗಿಲಲ್ಲಿರೋ ಟ್ಯಾಬ್ಲೆಟ್ 010ರಿಂದ ಶುರುವಾಗೋ ಕೊರಿಯನ್ ಮೊಬೈಲ್ ನಂಬರ್ ಕೇಳ್ತು. ನಂದು ಬರೀ ಡೇಟಾ ಇರೋ ಇಸಿಮ್, ನಂಬರೇ ಇಲ್ಲ. ಮಾರನೇ ದಿನ ಐದಕ್ಕೇ ಹೋದೆ, ಕ್ಯೂ ಇರಲಿಲ್ಲ. ಆದ್ರೆ ಒಬ್ಬನೇ ಇರೋದು ನೋಡಿ ಅಲ್ಲಿನ ಅಜ್ಜಿ ಎರಡು ಬೆರಳು ತೋರಿಸಿ ಏನೋ ಹೇಳಿದ್ರು. ಇಬ್ಬರು ಬೇಕು ಅಂದ್ಕೊಂಡು ಹೊಟ್ಟೆ ಹಸ್ಕೊಂಡು ವಾಪಸ್ ಬಂದೆ.

ಹೋಟೆಲ್ ರಿಸೆಪ್ಷನ್‌ನವರು ಹೇಳೋ ಪ್ರಕಾರ ಅದು ಇಬ್ಬರು ಅಂತಲ್ಲ, 'ಇ-ಇನ್‌ಬುನ್', ಅಂದ್ರೆ ಕನಿಷ್ಠ ಎರಡು ಪ್ಲೇಟ್ ಆರ್ಡರ್ ಅಂತ ಇರಬಹುದಂತೆ. ಒಂದು ಪ್ಲೇಟ್‌ಗೆ ಸಾಮಾನ್ಯವಾಗಿ 150ರಿಂದ 200 ಗ್ರಾಂ ಹಸಿ ಮಾಂಸ. ಎರಡಾದ್ರೂ ನಾನು ಆರಾಮಾಗಿ ಮುಗಿಸ್ತೀನಿ, ದುಡ್ಡಿನ ಚಿಂತೆನೂ ಇಲ್ಲ.

ಅಲ್ಲಿರೋರು, ಇದ್ದು ಬಂದೋರು ದಯವಿಟ್ಟು ಹೇಳಿ: ಒಬ್ಬನೇ ಹೋಗಿ 'ಹೊನ್ಜಾಯೆಯೊ, ಇ-ಇನ್‌ಬುನ್ ಜುಸೆಯೊ' (ಒಬ್ಬನೇ ಇದ್ದೀನಿ, ಎರಡು ಪ್ಲೇಟ್ ಕೊಡಿ) ಅಂತ ಹೇಳಿದ್ರೆ ಕೂರಿಸ್ತಾರಾ? ಕ್ಯೂ ಇದ್ರೆ ಕೊರಿಯನ್ ನಂಬರ್ ಇಲ್ಲದೆ ಹೆಸರು ಹಚ್ಚೋದು ಹೇಗೆ?